ಮೊದಲು ಜೀವ, ಆಮೇಲೆ ಕಾಗದ

(ಹೊಳಲ್ಕೆರೆಯಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆ ಇವುಗಳ ಮಾತನ್ನು ಇವತ್ತೊಂದು ದಿನ ಬದಿಗಿಟ್ಟು ಬೇರೊಂದು ಸಂಗತಿಯನ್ನು ನಿಮ್ಮ ಮುಂದಿಡಬೇಕೆಂದು ನಾವು ಬಂದಿದ್ದೇವೆ. ರಸ್ತೆಯಲ್ಲಿ ಗಾಡಿ ಬಡಿದು ಒಬ್ಬ ಮನುಷ್ಯ ಬಿದ್ದರೆ ಅವನನ್ನು ಎತ್ತುವವರು ಯಾರು, ಒಯ್ಯುವುದೆಲ್ಲಿಗೆ, ಅಲ್ಲಿ ಅವನನ್ನು ಮೊದಲು ಕೇಳುವ ಪ್ರಶ್ನೆ ಯಾವುದು? ಇದೇ ಇಂದಿನ ವಿಷಯ. ನಾವು ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಬಾಯಿ. ಮಾತು ಸ್ವಲ್ಪ ಪಾಠದಂತೆ ಕೇಳಿಸಿದರೆ ಕ್ಷಮಿಸಬೇಕು.

ನಮ್ಮದು ದಾರಿಗಳ ಜಿಲ್ಲೆ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿ ಹಿರಿಯೂರು, ಐಮಂಗಲ, ಚಿತ್ರದುರ್ಗ, ಭರಮಸಾಗರಗಳನ್ನು ಮುಟ್ಟಿಕೊಂಡೇ ಹೋಗಬೇಕು. ದುರ್ಗದಿಂದ ಹೊಸಪೇಟೆಗೊಂದು ದಾರಿ. ಈ ಹೊಳಲ್ಕೆರೆಯ ಮೇಲೆ ಶಿವಮೊಗ್ಗಕ್ಕೊಂದು ದಾರಿ. ಗಣಿಯ ಲಾರಿ, ಅಡಿಕೆಯ ಲಾರಿ, ಹೊಸದುರ್ಗದ ತೆಂಗಿನಕಾಯಿ ಲಾರಿ, ರಾತ್ರಿಯ ಬಸ್ಸು ಎಲ್ಲವೂ ನಮ್ಮ ಮನೆಗಳ ಮುಂದೆಯೇ ಓಡುತ್ತವೆ. 2020ರ ಆಗಸ್ಟ್ 12ರ ಬೆಳಗಿನ ಜಾವ ಹಿರಿಯೂರು ತಾಲ್ಲೂಕಿನಲ್ಲಿ, ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸಿಗೆ ಬೆಂಕಿ ಹತ್ತಿ ಐವರು ಸುಟ್ಟು ಸತ್ತರು. ಅಂಥ ಸುದ್ದಿ ಪತ್ರಿಕೆಯ ಮೊದಲ ಪುಟಕ್ಕೆ ಬರುತ್ತದೆ. ಪಾಳಿ ಮುಗಿಸಿ ಮೊಪೆಡ್ಡಿನ ಮೇಲೆ ಮನೆಗೆ ಹೊರಟ ಹಮಾಲಿ, ಸಂತೆಗೆ ಸರಕು ಹೇರಿಕೊಂಡು ಹೊರಟ ಸಣ್ಣ ವ್ಯಾಪಾರಿ ಬಿದ್ದರೆ ಒಳಪುಟದಲ್ಲಿ ಎರಡು ಸಾಲು. ಅಂಥ ಎರಡು ಸಾಲಿನ ಸುದ್ದಿಯೊಂದನ್ನು ನಾವು ಕಣ್ಣಾರೆ ಕಂಡೆವು.

ಹೋದ ಮಳೆಗಾಲದ ಒಂದು ಸಂಜೆ, ಆರೂವರೆ ಗಂಟೆ. ಊರಿನ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ನಾವು ಹೇಳುವುದಿಲ್ಲ. ನಾಲ್ಕು ತಾಲ್ಲೂಕಿನವರೂ ಅದು ತಮ್ಮ ಊರೇ ಎಂದುಕೊಂಡರೆ ತಪ್ಪೇನೂ ಇಲ್ಲ. ಗಿರಣಿಯ ಹಮಾಲಿಯೊಬ್ಬನಿಗೆ ಹಿಂದಿನಿಂದ ಬಂದ ಕಾರು ಬಡಿಯಿತು. ಕಾರಿನ ಯಜಮಾನ ಇಳಿದ, ನೋಡಿದ, ಎರಡು ಸಾವಿರ ರೂಪಾಯಿ ಅವನ ಜೇಬಿಗೆ ತುರುಕಿದ, ಹೊರಟುಹೋದ. ನಾವು ಮೂವರು ಸಭೆ ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದೆವು. ಮೊಣಕಾಲಿನ ಬಳಿ ಮೂಳೆ ಮುರಿದು ರಕ್ತ ಹರಿಯುತ್ತಿತ್ತು. ಸುತ್ತ ಹದಿನೈದು ಜನ ನಿಂತಿದ್ದರು. ಕೆಲವರ ಕೈಯಲ್ಲಿ ಮೊಬೈಲು. ಎದುರಿನ ಚಹಾ ಅಂಗಡಿಯವನ ಬಳಿ ಲಗೇಜು ಆಟೋ ಇತ್ತು. ಕೇಳಿದೆವು. "ಸ್ವಾಮಿ, ನಾಳೆ ಸ್ಟೇಷನ್ನಿಗೂ ಕೋರ್ಟಿಗೂ ಅಲೆಯುವವರು ಯಾರು? ಒಂದು ದಿನ ಅಂಗಡಿ ಮುಚ್ಚಿದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ" ಎಂದ. 108ಕ್ಕೆ ಫೋನು ಮಾಡಿದೆವು. ಹತ್ತಿರದ ಗಾಡಿ ಹೆರಿಗೆಯ ಹೆಂಗಸನ್ನು ಒಯ್ದಿತ್ತು, ಮುಕ್ಕಾಲು ಗಂಟೆಯಾಗುವುದೆಂದರು. ಅರ್ಧ ಗಂಟೆ ಕಳೆಯಿತು. ಕೊನೆಗೆ ಮನಸ್ಸು ತಡೆಯಲಾರದೆ ಆ ಅಂಗಡಿಯವನೇ ಆಟೋ ತಂದ.

ಮೊದಲು ಸಿಕ್ಕಿದ ಖಾಸಗಿ ನರ್ಸಿಂಗ್ ಹೋಮಿನವರು ಬಾಗಿಲಲ್ಲೇ ತಡೆದರು. ಪೊಲೀಸರ ಕಾಗದ ಬೇಕು, ಇಪ್ಪತ್ತು ಸಾವಿರ ಮುಂಗಡ ಬೇಕು. ವಾದಿಸಿದ್ದಕ್ಕೆ ನಲವತ್ತು ನಿಮಿಷ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬರೇ ವೈದ್ಯೆ, ವಯಸ್ಸಿನ್ನೂ ಚಿಕ್ಕದು. ಆಕೆ ರಕ್ತ ಕಟ್ಟಿಸಿದರು, ಕಾಲಿಗೆ ಹಲಗೆ ಕಟ್ಟಿ ಡ್ರಿಪ್ಪು ಹಾಕಿದರು. ಆದರೆ ಮೂಳೆಯ ಡಾಕ್ಟರಿಲ್ಲ, ಕೊಡಲು ರಕ್ತವಿಲ್ಲ. ಚೀಟಿ ಬರೆದು ದೊಡ್ಡ ಊರಿಗೆ ಕಳುಹಿಸಿದರು. ದೊಡ್ಡ ಊರಿನವರು ಇನ್ನೂ ದೊಡ್ಡ ಊರಿಗೆ ಚೀಟಿ ಬರೆದರು. ಒಂದೂಕಾಲು ಗಂಟೆ ರಾತ್ರಿಯಲ್ಲಿ ಅಲ್ಲಿಯ ಶಸ್ತ್ರವೈದ್ಯರು ನೋಡಿ ಹೇಳಿದರು: ಮೊಣಕಾಲಿನ ಹಿಂದಿನ ರಕ್ತನಾಳ ಹರಿದಿದೆ, ಕಾಲಿಗೆ ರಕ್ತ ಹೋಗದೆ ಆರು ಗಂಟೆ ಮೀರಿದೆ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಮೂಟೆ ಹೊರುವವನಿಗೆ ಕಾಲೆಂದರೆ ಏನೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

ಆ ರಾತ್ರಿಯ ಲೆಕ್ಕವನ್ನು ನಾವು ಮೇಷ್ಟರಂತೆ ಕೂಡಿಸಿ ನೋಡಿದೆವು. ಒಟ್ಟು ಆರು ಮುಕ್ಕಾಲು ಗಂಟೆ. ಅದರಲ್ಲಿ ಗಾಡಿಯ ಮೇಲೆ ಕಳೆದದ್ದು ಎರಡೂವರೆ ಗಂಟೆ. ಉಳಿದ ನಾಲ್ಕೂಕಾಲು ಗಂಟೆ ಹೋದದ್ದು ಭಯಕ್ಕೆ, ಮುಂಗಡಕ್ಕೆ, ಚೀಟಿಗೆ, ಗಾಡಿ ಕಾಯುವುದಕ್ಕೆ. ಅವನ ಕಾಲನ್ನು ತೆಗೆದದ್ದು ಕಾರೊಂದೇ ಅಲ್ಲ, ಈ ನಾಲ್ಕೂಕಾಲು ಗಂಟೆಯೂ ಹೌದು.

ಇದಕ್ಕೆ ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಬೇಕಾದಷ್ಟಿದೆ. ಸ್ಕೂಟರಿನಿಂದ ಬಿದ್ದು ಗಾಯಗೊಂಡ ಒಬ್ಬನನ್ನು ಆಸ್ಪತ್ರೆಯವರು ಪೊಲೀಸ್ ಕೇಸೆಂದು ಒಳಗೆ ಸೇರಿಸದೆ 20 ಕಿಲೋಮೀಟರು ದೂರದ ಬೇರೊಂದು ಆಸ್ಪತ್ರೆಗೆ ಹೋಗೆಂದರು. ಅವನು ದಾರಿಯಲ್ಲಿ ಸತ್ತ. ಆ ಸಂಗತಿಯನ್ನು ಪರಮಾನಂದ ಕಟಾರ ಎಂಬುವರು ಸುಪ್ರೀಂ ಕೋರ್ಟಿಗೆ ಒಯ್ದರು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯನೂ ಮೊದಲು ಜೀವ ಉಳಿಸಬೇಕು, ಪೊಲೀಸ್ ಕಾಗದ ಆಮೇಲೆ ಎಂದು 1989ರಲ್ಲಿ ತೀರ್ಪಾಯಿತು. 1992ರಲ್ಲಿ ಬಂಗಾಳದ ಹಕೀಂ ಶೇಖ್ ಎಂಬ ಕೃಷಿ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆಯಿಲ್ಲ, ಸಾಧನವಿಲ್ಲ ಎಂದು ಕಳುಹಿಸಿಬಿಟ್ಟವು. ಅವನು ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚು ಮಾಡಿ ಬದುಕಿಕೊಂಡ. ಅವನ ಪರವಾಗಿ ಕೂಲಿಕಾರರ ಸಂಘವೇ ಕೋರ್ಟಿಗೆ ಹೋಯಿತು. ಸಮಯಕ್ಕೆ ಚಿಕಿತ್ಸೆ ಕೊಡದಿದ್ದರೆ ಬದುಕುವ ಹಕ್ಕನ್ನೇ ಕಿತ್ತುಕೊಂಡಂತೆ, ಹಣವಿಲ್ಲ ಎಂಬುದು ಸರ್ಕಾರಕ್ಕೆ ನೆಪವಾಗದು ಎಂದು 1996ರಲ್ಲಿ ನ್ಯಾಯಾಲಯ ಹೇಳಿ, ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಕೂಲಿಕಾರರ ಸಂಘ ಗೆದ್ದುಕೊಂಡ ತೀರ್ಪು ಅದು ಎಂಬುದನ್ನು ನಾವು ಮರೆಯಕೂಡದು.

ನಮ್ಮ ನಾಡಿನಲ್ಲೇ, ಈ ಹಿರಿಯೂರಿನ ಹೆದ್ದಾರಿಯ ಮೇಲೆಯೇ ನೆಲಮಂಗಲದ ಬಳಿ, 2016ರ ಫೆಬ್ರವರಿಯಲ್ಲಿ ಹರೀಶ್ ಎಂಬ ಯುವಕನ ದೇಹ ಲಾರಿಗೆ ಸಿಕ್ಕಿ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಅವನು ಹೇಳಿದ. ಕಣ್ಣುಗಳನ್ನು ದಾನವಾಗಿ ಪಡೆದರು. ಮರುತಿಂಗಳು ರಾಜ್ಯ ಸರ್ಕಾರ ಅವನ ಹೆಸರಿನಲ್ಲಿ ಯೋಜನೆ ತಂದು ಮೊದಲ 48 ಗಂಟೆಯಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಎಂದಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವೂ ಒಂದು ಯೋಜನೆ ಹೊರಡಿಸಿತು: ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡ ಯಾರಿಗೇ ಆಗಲಿ, ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ, ಗೊತ್ತುಮಾಡಿದ ಆಸ್ಪತ್ರೆಯಲ್ಲಿ ನಗದಿಲ್ಲದೆ ಚಿಕಿತ್ಸೆ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯೂ ಮೊದಲು ಪ್ರಾಣಾಪಾಯ ತಪ್ಪಿಸಿಯೇ ಮುಂದೆ ಕಳುಹಿಸಬೇಕು. ಇದೂ ಸುಮ್ಮನೆ ಬಂದದ್ದಲ್ಲ. 2019ರಲ್ಲಿ ಕಾನೂನಿಗೆ ಸೇರಿದ ಮಾತನ್ನು ಜಾರಿಗೆ ತರಲು ಸುಪ್ರೀಂ ಕೋರ್ಟು ಗಡುವು ಹಾಕಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹಳೆಯದಾದರೂ ಸುಳ್ಳಾಗಿಲ್ಲ.

ಈಗ ವರ್ತಕ ಮಿತ್ರರಿಗೆ ಒಂದು ಮಾತು. ರಸ್ತೆಯ ಪಕ್ಕದಲ್ಲಿ ಅಂಗಡಿ ಇಟ್ಟವರು ನೀವು. ಬಿದ್ದವನ ಬಳಿಗೆ ಮೊದಲು ಓಡಿಬರುವವರೂ ನೀವೇ. ನಿಮ್ಮ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಅಲೆದಾಡಿ ಸೋತವರನ್ನು ಕಂಡಿದ್ದೇವೆ. ಆದರೆ 2016ರ ಮಾರ್ಚ್ 30ರಿಂದ, ಗಾಯಾಳುವನ್ನು ಆಸ್ಪತ್ರೆಗೆ ತಂದವನ ಹೆಸರು ವಿಳಾಸ ಬಲವಂತವಾಗಿ ಕೇಳಕೂಡದು, ಅವನಿಂದ ಹಣ ಕಟ್ಟಿಸಕೂಡದು, ಅವನನ್ನು ತಡೆದು ನಿಲ್ಲಿಸಕೂಡದು ಎಂಬುದು ಸುಪ್ರೀಂ ಕೋರ್ಟಿನ ಆಜ್ಞೆ. ಕಣ್ಣಾರೆ ಕಂಡವನಾದರೆ ವಿಳಾಸ ಕೊಟ್ಟು ಹೋಗಬಹುದು. ಸಾಕ್ಷಿ ಹೇಳಲು ತಾನೇ ಒಪ್ಪಿದರೂ ಅವನನ್ನು ಒಂದೇ ಸಾರಿ ವಿಚಾರಿಸಬೇಕು. 2019ರ ತಿದ್ದುಪಡಿಯಿಂದ ಈ ರಕ್ಷಣೆ ಮೋಟಾರು ವಾಹನ ಕಾನೂನಿಗೂ ಸೇರಿತು. ಇದು ಆ ಚಹಾ ಅಂಗಡಿಯವನಿಗೆ ಗೊತ್ತಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ನಮಗೆ ಗೊತ್ತಿದ್ದೂ ನಾವು ಅವನಿಗೆ ಮೊದಲೇ ತಿಳಿಸಿರಲಿಲ್ಲ. ಆ ತಪ್ಪು ನಮ್ಮದು.

ಗಿರಣಿಯ ಸಂಗಾತಿಗಳಿಗೆ ಇನ್ನೊಂದು ಮಾತು. ಕೆಲಸಕ್ಕೆ ಹೋಗುವ, ಬರುವ ದಾರಿಯಲ್ಲಾದ ಅಪಘಾತವನ್ನೂ ಕೆಲಸದ ಮೇಲಿನ ಅಪಘಾತವೆಂದೇ ಎಣಿಸಬೇಕೆಂದು 2010ರಲ್ಲಿ ಇಎಸ್‌ಐ ಕಾನೂನಿಗೆ ತಿದ್ದುಪಡಿಯಾಯಿತು. ನಮ್ಮ ಹಮಾಲಿಗೆ ಅದು ದಕ್ಕಲಿಲ್ಲ. ಏಕೆ? ಗಿರಣಿಯ ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ. ಹೆಸರು ಬರೆಸಿಕೊಳ್ಳುವ ಹೋರಾಟ ಕೂಲಿಯ ಹೋರಾಟ ಮಾತ್ರವಲ್ಲ, ಕೈಕಾಲಿನ ಹೋರಾಟವೂ ಹೌದು.

1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು. 2023ರಲ್ಲಿ ಚಿತ್ರದುರ್ಗದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು, ಸಂತೋಷ. ಆದರೆ ಹಿರಿಯೂರಿನಿಂದ ದುರ್ಗಕ್ಕೆ ಸುಮಾರು 40 ಕಿಲೋಮೀಟರು, ದುರ್ಗದಿಂದ ದಾವಣಗೆರೆಗೆ 60, ಬೆಂಗಳೂರಿಗೆ 200. ಮೊದಲ ಗಂಟೆ ಕಳೆಯುವುದು ಜಿಲ್ಲಾ ಕೇಂದ್ರದಲ್ಲಲ್ಲ, ತಾಲ್ಲೂಕಿನಲ್ಲಿ. ಆದುದರಿಂದ ನಮ್ಮ ಬೇಡಿಕೆ ಮೂರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರು ಕಡೆಯೂ ಹಗಲು ರಾತ್ರಿ ಮೂಳೆಯ ವೈದ್ಯರು, ಅರಿವಳಿಕೆ ವೈದ್ಯರು ಮತ್ತು ರಕ್ತದ ದಾಸ್ತಾನು ಇರಬೇಕು. ನಗದಿಲ್ಲದೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಪಟ್ಟಿಯನ್ನು ಪ್ರತಿ ಬಸ್ ನಿಲ್ದಾಣದಲ್ಲೂ ಕನ್ನಡದಲ್ಲಿ ಬರೆದು ಹಾಕಬೇಕು. ಮುಂದಕ್ಕೆ ಕಳುಹಿಸುವ ಪ್ರತಿ ಚೀಟಿಯಲ್ಲೂ ರೋಗಿ ಬಂದ ಗಂಟೆ, ಹೋದ ಗಂಟೆ, ಕಳುಹಿಸಿದ ಕಾರಣ ಬರೆದು ಸಹಿ ಮಾಡಬೇಕು. ಗಂಟೆ ಬರೆಯಬೇಕಾಗಿ ಬಂದರೆ ಕೈ ತಾನಾಗಿ ಚುರುಕಾಗುತ್ತದೆ. ಇದು ಶಾಲೆಯ ಹಾಜರಿ ಪುಸ್ತಕದಿಂದ ನಾವು ಕಲಿತದ್ದು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂಡುವುದೂ ಬೇಡ. ಪ್ರತಿ ಗಿರಣಿಯ ಬಾಗಿಲಲ್ಲಿ, ಪ್ರತಿ ಅಂಗಡಿಯ ಗೋಡೆಯ ಮೇಲೆ 108 ಮತ್ತು 112 ಬರೆಯೋಣ. ಗಾಡಿಯುಳ್ಳ ಇಬ್ಬರ ಹೆಸರನ್ನು ಪ್ರತಿ ಬೀದಿಯಲ್ಲೂ ಗೊತ್ತುಮಾಡೋಣ. ರಕ್ತ ಹರಿಯುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು, ಕುತ್ತಿಗೆ ಬೆನ್ನು ಬಾಗಿಸಬಾರದು, ಬಾಯಿಗೆ ನೀರು ಹಾಕಬಾರದು. ಇಷ್ಟನ್ನು ಮನೆಯ ಮಕ್ಕಳಿಗೂ ಕಲಿಸೋಣ.

ಆ ಹಮಾಲಿ ಈಗ ಮನೆಯ ಜಗಲಿಯ ಮೇಲೆ ಕುಳಿತಿದ್ದಾನೆ. ಹೋದ ವಾರ ನೋಡಲು ಹೋದಾಗ ಅವನು ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ಆ ಆಟೋದವರಿಗೆ ತೊಂದರೆ ಏನೂ ಆಗಲಿಲ್ಲ ತಾನೆ?" ಆಗಲಿಲ್ಲ ಎಂದೆವು. ಅವನಿಗೆ ಸಮಾಧಾನವಾಯಿತು. ನಮಗೆ ಆಗಲಿಲ್ಲ.