ಬರೆದವನ ಹಕ್ಕು
(ವಸಂತ್ ಕುಂಜ್‌ನಲ್ಲಿ ಸೇರಿದ್ದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಬಂದು, ನಿದ್ದೆಗೆಟ್ಟು ಬರೆಯುವವರು ನಮ್ಮಲ್ಲಿ ಹಲವರಿದ್ದಾರೆ. ಒಬ್ಬರದು ಕಥೆ, ಒಬ್ಬರದು ಲಾವಣಿ, ಮತ್ತೊಬ್ಬರದು ಗಿರಣಿಯ ದಿನಗಳ ನೆನಪು. ಹಿಂದೆ ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇಂದು ಆ ಹೊರೆಯನ್ನು ಮೊಬೈಲು ಹೊರುತ್ತದೆ. ವಸಂತ್ ಕುಂಜ್‌ನಲ್ಲಿ ಬರೆದ ಪುಸ್ತಕ ಅಂತರ್ಜಾಲದ ಅಂಗಡಿಯಿಂದ ವಿಜಯಪುರದ ಮನೆಬಾಗಿಲಿಗೆ ಹೋಗುತ್ತದೆ. ಸಂತೋಷವೇ. ಆದರೆ ಹೊರೆ ಇಳಿಸುವ ಭರದಲ್ಲಿ ಹಕ್ಕನ್ನೂ ಇಳಿಸಿ ಬರಬಾರದು. ಇಂದು ಹೇಳಬೇಕಾದ ಮಾತು ಇಷ್ಟೇ.

1957ರ ಗ್ರಂಥಸ್ವಾಮ್ಯ ಕಾಯಿದೆ ನಮ್ಮ ಪರವಾಗಿದೆ. ಬರೆದ ದಿನದಿಂದಲೇ ಕೃತಿ ಬರೆದವನದು. ಹೋಟೆಲಿನಲ್ಲಿ ದುಡಿದ ಮಾತ್ರಕ್ಕೆ ನಮ್ಮ ಕಥೆ ಮಾಲೀಕರದಾಗದು; ಬರೆಯುವುದೇ ಸಂಬಳದ ಕೆಲಸವಾಗಿದ್ದರೆ ಮಾತು ಬೇರೆ. ನೋಂದಣಿ ಕಡ್ಡಾಯವಲ್ಲ. ಬೇಕೆಂದವರಿಗೆ ಕಚೇರಿ ಇಲ್ಲೇ ದ್ವಾರಕಾದಲ್ಲಿದೆ. ವ್ಯಾಜ್ಯ ಬಂದಾಗ ಆ ಕಾಗದ ಸಾಕ್ಷಿಯಾಗುತ್ತದೆ. ಈ ಹಕ್ಕು ಬರೆದವನ ಜೀವಮಾನವಿಡೀ ಇದ್ದು, ಆಮೇಲೂ 60 ವರ್ಷ ಮಕ್ಕಳು ಮರಿಗಳಿಗೆ ಉಳಿಯುತ್ತದೆ.

ಹಾಗಾದರೆ ಅದು ಕೈಬಿಡುವುದು ಹೇಗೆ? ನಮ್ಮ ರುಜುವಿನಿಂದಲೇ! ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು, ಅದಕ್ಕೆ ರುಜು ಇರಲೇಬೇಕೆಂದು ಕಾಯಿದೆ ಹೇಳುತ್ತದೆ. ಮುದ್ರಣದ ಹಣವನ್ನೂ ನಮ್ಮಿಂದಲೇ ಪಡೆದು, ಸಣ್ಣ ಅಕ್ಷರದಲ್ಲಿ ಹಕ್ಕನ್ನೂ ಬರೆಸಿಕೊಳ್ಳುವ ಕರಾರುಗಳನ್ನು ನಾವು ಕಂಡಿದ್ದೇವೆ. ಆದುದರಿಂದ ಐದು ಪ್ರಶ್ನೆ ಕೇಳಿ: ಯಾವ ಕೃತಿ? ಯಾವ ಹಕ್ಕು? ಎಷ್ಟು ವರ್ಷ? ಯಾವ ಪ್ರದೇಶ? ರಾಯಲ್ಟಿ ಎಷ್ಟು? ವರ್ಷ ನಮೂದಿಸದಿದ್ದರೆ ಕಾಯಿದೆ ಐದೇ ವರ್ಷವೆಂದು ಎಣಿಸುತ್ತದೆ. ಪ್ರದೇಶ ಹೇಳದಿದ್ದರೆ ಭಾರತವೆಂದಷ್ಟೇ. ಹಕ್ಕು ಮಾರಿದ ಮೇಲೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಬರೆದವನಲ್ಲೇ ಉಳಿಯುತ್ತದೆ. ಅಂತರ್ಜಾಲದಲ್ಲಿ ‘ಒಪ್ಪಿದೆ’ ಎಂಬ ಗುಂಡಿ ಒತ್ತುವುದೂ ಕರಾರೇ. ಓದಿ ಒತ್ತಿ.

ಬರಹದ ಬಲ ಎಂಥದೆಂಬುದಕ್ಕೆ ನಮ್ಮವರದೇ ಒಂದು ಉದಾಹರಣೆ. ಡಾ. ಶಿವರಾಮ ಕಾರಂತರು 1994ರಲ್ಲಿ ಉಯಿಲು ಬರೆದು, ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರಲ್ಲಿ ಕಾರಂತರು ತೀರಿಕೊಂಡರು. 2001ರಲ್ಲಿ ಅವರ ಯಕ್ಷಗಾನ ಬ್ಯಾಲೆ ‘ಅಭಿಮನ್ಯು ವಧೆ’ ಈ ದೆಹಲಿಯಲ್ಲಿಯೇ ಪ್ರದರ್ಶನವಾಯಿತು. ಅನುಮತಿ ಪಡೆದಿಲ್ಲವೆಂದು ವ್ಯಾಜ್ಯ ಹುಟ್ಟಿತು. 2009ರಲ್ಲಿ ಸುಪ್ರೀಂ ಕೋರ್ಟು ಉಯಿಲಿನ ಒಂದೊಂದು ಮಾತನ್ನೂ ತೂಗಿ, ಹಕ್ಕು ಅವರದೆಂದಿತು. ಶಿಕ್ಷಣ ಸಂಸ್ಥೆಗಳಿಗೆ ಕಾಯಿದೆಯಲ್ಲಿರುವ ವಿನಾಯಿತಿಯನ್ನೂ ಉಳಿಸಿತು. ಕಾರಂತರಂಥವರೇ ಬರೆದಿಟ್ಟು ಹೋದರು, ನಾವೂ ಬರೆದಿಡೋಣ.

ನಮ್ಮ ಹಕ್ಕಿನಂತೆ ಇತರರ ಹಕ್ಕನ್ನೂ ಕಾಯಬೇಕು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವನಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಅನುಮತಿಯಿಲ್ಲದೆ ಇಡೀ ಹಾಡನ್ನು ನಮ್ಮ ಪುಸ್ತಕಕ್ಕೆ ಸೇರಿಸಲಾಗದು. ಮೊಬೈಲಿನಲ್ಲಿ ಸಿಕ್ಕ ಚಿತ್ರ ಮುಖಪುಟಕ್ಕೆ ಚೆಂದ ಕಂಡರೂ, ಅದನ್ನು ತೆಗೆದವನೂ ನಮ್ಮಂತೆ ದುಡಿದವನೇ.

ಇನ್ನು ಮಾರುವವರ ಕರ್ತವ್ಯ. ಪುಸ್ತಕಕ್ಕೆ ಬೇಕಾದ ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಅದಕ್ಕೆಂದು ಸಾವಿರಗಟ್ಟಲೆ ತೆರಬೇಡಿ. ಆ ಸಂಖ್ಯೆ ಗುರುತಷ್ಟೇ, ಹಕ್ಕಲ್ಲ. 1954ರ ಕಾಯಿದೆಯಂತೆ ಪ್ರಕಟಣೆಯಾದ 30 ದಿನದೊಳಗೆ ಕೊಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ, ನಮ್ಮ ದೆಹಲಿ ಪಬ್ಲಿಕ್ ಲೈಬ್ರರಿ ಸೇರಿ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಕೂಲಿಯವನ ಪುಸ್ತಕವೂ ಅಲ್ಲಿ ಪಂಡಿತರ ಪುಸ್ತಕದ ಸಾಲಿನಲ್ಲಿ ಕೂರುತ್ತದೆ! ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಹರಿದ ಪ್ರತಿ, ಪುಟ ತಪ್ಪಿದ ಪ್ರತಿ ಹೋದರೆ ಹಿಂದಕ್ಕೆ ಪಡೆಯಲೇಬೇಕು; 2020ರ ಗ್ರಾಹಕ ನಿಯಮಗಳು ಹಾಗೆನ್ನುತ್ತವೆ. ಕೊಂಡವರೂ ಹೊಟ್ಟೆ ಕಟ್ಟಿ ಕೊಂಡಿರುತ್ತಾರೆ.

ಬಂಧುಗಳೇ, ಕೂಲಿಯ ಚೀಟಿ ಓದದೆ ಹೆಬ್ಬೆಟ್ಟು ಒತ್ತಬೇಡಿ ಎಂದು ಸಂಘ ಮೊದಲಿನಿಂದ ಹೇಳುತ್ತ ಬಂದಿದೆ. ಪುಸ್ತಕವೂ ದುಡಿಮೆಯೇ. ರುಜು ಹಾಕುವ ಮುನ್ನ ಕರಾರನ್ನು ಸಂಘಕ್ಕೆ ತನ್ನಿ. ಇಂಗ್ಲಿಷ್ ಬಲ್ಲವರೊಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳೋಣ. ತಿಳಿಯದ ಕಡೆ ವಕೀಲರನ್ನು ವಿಚಾರಿಸೋಣ. ಬೆವರು ನಮ್ಮದು, ಅಕ್ಷರ ನಮ್ಮದು. ಹಕ್ಕೂ ನಮ್ಮಲ್ಲೇ ಇರಲಿ.