ಹುತ್ತ ಕಟ್ಟಿದವರು ಯಾರು?



ನಾಗರ ಪಂಚಮಿಯ ದಿನ ಹುನಗುಂದ ಸೀಮೆಯ ಯಾವುದಾದರೂ ಹಳ್ಳಿಗೆ ಹೋಗಿ ನೋಡಿ. ಮರಕ್ಕೆ ಕಟ್ಟಿದ ಜೋಕಾಲಿ, ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ. ಹುತ್ತಕ್ಕೆ ಹಾಲೆರೆಯಲು ಹೊರಟ ಹೆಣ್ಣುಮಕ್ಕಳು. ಅಂದು ಭೂಮಿ ಅಗೆಯುವುದಿಲ್ಲ, ನೇಗಿಲು ಹೂಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಈ ಹಬ್ಬವನ್ನು ಚಿತ್ರೀಕರಿಸಲು ಹೋಗಿದ್ದೆ. ಹಾಲಿನ ಗಿಂಡಿ ಹಿಡಿದು ನಿಂತಿದ್ದ ಹುಡುಗಿಯೊಬ್ಬಳನ್ನು ಕೇಳಿದೆ: "ಈ ಹುತ್ತ ಕಟ್ಟಿದವರು ಯಾರವ್ವಾ?"

"ನಾಗಪ್ಪ ರೀ" ಎಂದಳು.

ಪಕ್ಕದಲ್ಲಿದ್ದ ಅವಳ ಅಜ್ಜ ನಕ್ಕುಬಿಟ್ಟರು. "ನಾಗಪ್ಪಗ ಕೈ ಎಲ್ಲಿ ಅದಾವ? ಕಟ್ಟಿದ್ದು ಹುಳ. ಅಂವ ಬಂದು ಹೊಕ್ಕೊಂಡಾನ, ಅಷ್ಟ."

ಅಜ್ಜನ ಮಾತೇ ಸರಿ. ಹುತ್ತ ಕಟ್ಟುವುದು ಗೆದ್ದಲು. ಇದನ್ನು ಬಿಳಿ ಇರುವೆ ಎನ್ನುವುದುಂಟು. ಆದರೆ ವಿಜ್ಞಾನದ ಪ್ರಕಾರ ಇದು ಇರುವೆಯ ಬಳಗದ್ದಲ್ಲ, ಜಿರಲೆಯ ಹತ್ತಿರದ ಸಂಬಂಧಿ. ಪೂಜೆ ಮಾತ್ರ ಮನೆ ಸೇರಿದ ಹಾವಿಗೆ ಸಲ್ಲುತ್ತದೆ. ಮನೆ ಕಟ್ಟಿದ ಹುಳಕ್ಕಲ್ಲ.

ಹಾಗಾದರೆ ಪುರಾಣಗಳು ಕೀಟಗಳನ್ನು ಮರೆತವೇ? ಇಲ್ಲ. ಪ್ರಾಚೀನ ಈಜಿಪ್ಟಿನವರು, ಸಗಣಿ ಹುಳ ಉಂಡೆ ಉರುಳಿಸುವುದನ್ನು ಕಂಡು, ಸೂರ್ಯನನ್ನು ಉರುಳಿಸುವ ಖೆಪ್ರಿ ದೇವರನ್ನು ಕಲ್ಪಿಸಿದರು. ಗ್ರೀಕರ ಕಥೆಯಲ್ಲಿ, ಪಿಡುಗಿನಿಂದ ಬರಿದಾದ ಈಜೈನಾ ದ್ವೀಪದ ಇರುವೆಗಳನ್ನು ಸ್ಯೂಸ್ ದೇವ ಮನುಷ್ಯರನ್ನಾಗಿ ಮಾಡುತ್ತಾನೆ. ಮೆಕ್ಸಿಕೋದ ಕಥೆಯಲ್ಲಿ ಕೆಟ್ಸಾಲ್‌ಕೋಟ್ಲ್ ದೇವ ಇರುವೆಯ ರೂಪ ತಾಳಿ, ಬೆಟ್ಟದೊಳಗಿನ ಮೆಕ್ಕೆಜೋಳವನ್ನು ಮಾನವರಿಗಾಗಿ ಹೊರತರುತ್ತಾನೆ. ಪ್ರತಿ ಕಥೆಯ ಹಿಂದೆಯೂ ಹುಳವನ್ನು ಕುತೂಹಲದಿಂದ ನೋಡಿದ ಕಣ್ಣಿದೆ.

ನಮ್ಮಲ್ಲಿಯೂ ಅಂಥ ಕಣ್ಣಿತ್ತು. ತಪಸ್ಸಿಗೆ ಕುಳಿತವನ ಮೇಲೆ ಹುತ್ತ ಬೆಳೆದುದರಿಂದ ಅವನು ವಾಲ್ಮೀಕಿಯಾದ ಕಥೆ ನಿಮಗೆ ಗೊತ್ತು. ಅಷ್ಟಾಗಿ ಕೇಳಿರದ ಇನ್ನೊಂದು ಕಥೆ ಶತಪಥ ಬ್ರಾಹ್ಮಣದಲ್ಲಿದೆ. ಯಜ್ಞದ ಕೀರ್ತಿಯಿಂದ ಬೀಗಿದ ವಿಷ್ಣು, ಹೆದೆಯೇರಿಸಿದ ಬಿಲ್ಲಿನ ತುದಿಗೆ ತಲೆಯಾನಿಸಿ ನಿಂತಿದ್ದ. ಎದುರಿಸುವ ಧೈರ್ಯ ದೇವತೆಗಳಿಗಿರಲಿಲ್ಲ. ಆಗ ಗೆದ್ದಲುಗಳು, "ಹೆದೆಯನ್ನು ಕಡಿದರೆ ಏನು ಕೊಡುವಿರಿ?" ಎಂದು ಕೇಳಿದವು. ಅನ್ನವನ್ನೂ, ಮರುಭೂಮಿಯಲ್ಲಿಯೂ ನೀರು ದೊರಕುವ ವರವನ್ನೂ ದೇವತೆಗಳು ಕೊಟ್ಟರು. ಹೆದೆ ಕಡಿಯಿತು, ಬಿಲ್ಲು ಸಿಡಿಯಿತು. ಹಾರಿದ ವಿಷ್ಣುವಿನ ತಲೆಯೇ ಸೂರ್ಯನಾಯಿತು.

ಮರುಭೂಮಿಯಲ್ಲೂ ನೀರು! ಈ ವರ ಬರಿಯ ಕಲ್ಪನೆಯಲ್ಲ. ಗೆದ್ದಲಿನ ಮೈ ಬಹಳ ಮೃದು. ಒಣಗಾಳಿಗೆ ಬೇಗ ಸಾಯುತ್ತದೆ. ಆದ್ದರಿಂದಲೇ ಅದು ಮಣ್ಣಿನ ಸುರಂಗದೊಳಗೇ ಓಡಾಡುತ್ತದೆ. ಆಳದ ಹಸಿಮಣ್ಣನ್ನು ಕಣಕಣವಾಗಿ ತಂದು, ಜೊಲ್ಲಿನಲ್ಲಿ ಕಲಸಿ ಗೋಡೆ ಕಟ್ಟುತ್ತದೆ. ಹೊರಗೆ ಉರಿಬಿಸಿಲಿದ್ದರೂ ಹುತ್ತದೊಳಗೆ ತೇವ ಉಳಿಯುತ್ತದೆ. ಇದನ್ನು ಗಮನಿಸಿಯೇ 6ನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಹುತ್ತವನ್ನು ಅಂತರ್ಜಲದ ಗುರುತುಗಳಲ್ಲಿ ಸೇರಿಸಿದ. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ, ದಕ್ಷಿಣ ಬದಿಯಲ್ಲಿ ಎರಡಾಳು ಆಳಕ್ಕೆ ಸಿಹಿನೀರು ಸಿಗುವುದೆಂದು ಅವನು ಹೇಳುತ್ತಾನೆ.

ಆದರೆ ಇಲ್ಲಿ ಎಚ್ಚರಿಕೆ ಬೇಕು. ಹುತ್ತ ಹೇಳುವುದು ಮೇಲುಪದರದ ತೇವದ ಸುದ್ದಿ. ಇಂದಿನ ಕೊಳವೆ ಬಾವಿ ನೂರಾರು ಅಡಿ ಕೆಳಗೆ, ಬಂಡೆಯ ಬಿರುಕಿನ ನೀರನ್ನು ಹುಡುಕುತ್ತದೆ. ಹುತ್ತವನ್ನೋ, ಅಂಗೈ ಮೇಲಿನ ತೆಂಗಿನಕಾಯಿಯನ್ನೋ ನಂಬಿ ಕೊರೆಸಿ, ನೀರು ಬೀಳದೆ ಸಾಲಕ್ಕೆ ಸಿಕ್ಕಿದ ಕುಟುಂಬಗಳು ಬರದ ಸೀಮೆಯಲ್ಲಿ ಕಡಿಮೆಯಿಲ್ಲ. ನಿಮ್ಮ ಮನೆಯಲ್ಲಿ ಇಂಥ ಮಾತು ಬಂದಾಗ, ಭೂವಿಜ್ಞಾನಿಯನ್ನು ಮೊದಲು ಕರೆಸೋಣವೆಂದು ಹೇಳುವ ಧೈರ್ಯ ನಿಮಗಿರಲಿ. ಪುರಾಣ ನಮಗೆ ನೋಡಲು ಕಲಿಸಬೇಕು, ಪರೀಕ್ಷಿಸುವುದನ್ನು ಬಿಡಿಸಬಾರದು.

ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮ ಇದೇ ಸೀಮೆಯಲ್ಲಿದೆ. ಕಲ್ಲಿನ ಹಾವಿಗೆ ಭಕ್ತಿ, ಜೀವಂತ ಹಾವಿಗೆ ದೊಣ್ಣೆ ಎಂಬ ನಡತೆಯನ್ನು 12ನೆಯ ಶತಮಾನದಲ್ಲಿಯೇ ಬಸವಣ್ಣನವರು ವಚನವೊಂದರಲ್ಲಿ ಟೀಕಿಸಿದರು. ಹುಳಕ್ಕಂತೂ ಕಲ್ಲಿನ ಮೂರ್ತಿಯೂ ಇಲ್ಲ. ಕೆಲವು ಜಾತಿಯ ಗೆದ್ದಲು ಬೆಳೆಗೆ, ಮನೆಯ ಮರಮುಟ್ಟಿಗೆ ಹಾನಿ ಮಾಡುವುದು ನಿಜ. ಆದರೆ ಒಣಕಡ್ಡಿ, ತರಗೆಲೆಗಳನ್ನು ತಿಂದು ಮತ್ತೆ ಮಣ್ಣಿಗೆ ಸೇರಿಸುವ, ನೆಲವನ್ನು ಸಡಿಲಿಸಿ ಮಳೆನೀರಿಗೆ ದಾರಿ ಮಾಡುವ ದುಡಿಮೆಯೂ ಅದರದೇ.

ಒಂದು ಸಣ್ಣ ಪ್ರಯೋಗ ಮಾಡಿ. ಬೇಲಿಯ ಗೂಟದ ಮೇಲೆ ಗೆದ್ದಲಿನ ಮಣ್ಣಿನ ಸುರಂಗ ಕಂಡರೆ, ಒಂದಿಂಚು ಮಾತ್ರ ಕೆರೆದು, ಮರುದಿನ ಹೋಗಿ ನೋಡಿ. ದುರಸ್ತಿ ಆಗಿದೆಯೇ? ಮಣ್ಣು ಹಸಿಯಾಗಿದೆಯೇ? ಕಂಡದ್ದನ್ನು ಬರೆದಿಡಿ. ಹುತ್ತದೊಳಗೆ ಮಾತ್ರ ಕೈ ಹಾಕಬೇಡಿ. ಅಲ್ಲಿ ನಿಜಕ್ಕೂ ನಾಗಪ್ಪ ಇರಬಹುದು!

ಮುಂದಿನ ಪಂಚಮಿಗೆ ತಂಗಿಯೋ ತಮ್ಮನೋ ಹುತ್ತದ ಮುಂದೆ ನಿಂತಾಗ, ಅಜ್ಜನ ಉತ್ತರವನ್ನು ಅವರಿಗೂ ಹೇಳಿ.