ಮೈ ನಮ್ಮದು, ಎಂಜಿನ್ ಯಾರದು?

(ಹುಬ್ಬಳ್ಳಿಯಲ್ಲಿ ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)

ಇಂದಿನ ಸಭೆಯ ವಿಷಯ ಕೇಳಿ ಗಿರಣಿ ಚಾಳದ ಹಿರಿಯರೊಬ್ಬರು ನನ್ನನ್ನು ದಾರಿಯಲ್ಲೇ ನಿಲ್ಲಿಸಿದರು. "ಅಲ್ರೀ, ನಮ್ಮ ಗಿರಣಿ ಬಾಗಲಾ ಹಾಕಿದಾಗ ಕೇಳವರಿದ್ದಿಲ್ಲ. ನೀವು ಆಕಾಶದಾಗಿನ ಇಮಾನದ ಮಾತು ತಗದೀರಿ. ನಮಗೂ ಅದಕ್ಕೂ ಏನ ಸಂಬಂಧರೀ?" ಎಂದರು.

ಪ್ರಶ್ನೆ ನ್ಯಾಯವಾದುದು. ನನ್ನ ಮಾತೆಲ್ಲ ಆ ಹಿರಿಯರಿಗೆ ಕೊಡುವ ಉತ್ತರವೆಂದೇ ತಿಳಿಯಿರಿ. ಸಂಬಂಧ ಎರಡು ಬಗೆಯದು. ಮೊದಲನೆಯದು ಹಣದ್ದು. 2025-26ರ ಮುಂಗಡಪತ್ರದಲ್ಲಿ ರಕ್ಷಣೆಗೆ ತೆಗೆದಿರಿಸಿದ ಮೊತ್ತ ಸುಮಾರು 6 ಲಕ್ಷ 81 ಸಾವಿರ ಕೋಟಿ ರೂಪಾಯಿ. ಸಾಬೂನು ಕೊಂಡಾಗ, ಬಟ್ಟೆ ಕೊಂಡಾಗ ನಾವು ತೆರುವ ತೆರಿಗೆಯೂ ಅದರಲ್ಲಿ ಸೇರಿದೆ. ಎರಡನೆಯದು ಕಸುಬಿನದು. ಏಷ್ಯದ ದೇಶಗಳು ಇಂದು ನಡೆಸಿರುವ ಈ ಪೈಪೋಟಿಯಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಕುಲುಮೆಯ ಮುಂದೆ, ಲೇಥಿನ ಮುಂದೆ ನಿಲ್ಲುವ ಮನುಷ್ಯನ ಕೈಯಲ್ಲಿ.

ಮೊದಲು ಈ ವಿಮಾನವೆಂದರೇನು ನೋಡೋಣ. ಇಂಗ್ಲಿಷಿನಲ್ಲಿ ಸ್ಟೆಲ್ತ್ ಎನ್ನುತ್ತಾರೆ. ರಾಡಾರ್ ಯಂತ್ರ ಆಕಾಶದೊಳಕ್ಕೆ ಅಲೆಗಳನ್ನು ಬಿಡುತ್ತದೆ. ಅವು ವಿಮಾನಕ್ಕೆ ಬಡಿದು ಹಿಂದಿರುಗಿದರೆ ಅದು ಎಲ್ಲಿದೆಯೆಂದು ಗೊತ್ತಾಗುತ್ತದೆ. ರಾತ್ರಿ ಉಣಕಲ್ ಕೆರೆಯ ದಂಡೆಯ ಮೇಲೆ ನಿಂತು ಎದುರಿಗಿರುವ ತಗಡಿಗೆ ಬ್ಯಾಟರಿ ಬಿಟ್ಟರೆ ಬೆಳಕು ನಿಮ್ಮ ಕಣ್ಣಿಗೇ ಮರಳಿ ಹೊಡೆಯುತ್ತದೆ. ತಗಡನ್ನು ಓರೆ ಮಾಡಿದರೆ ಬೆಳಕು ಬೇರೆ ಕಡೆಗೆ ಹೋಗುತ್ತದೆ. ಮಸಿ ಬಳಿದರೆ ಹೀರಿಹೋಗುತ್ತದೆ. ಈ ವಿಮಾನದ ಉಪಾಯವೂ ಅದೇ. ಅದರ ಮೈಯೆಲ್ಲ ಓರೆ, ಮೇಲೆ ಅಲೆಯನ್ನು ಹೀರುವ ಬಣ್ಣ. ಬಾಂಬುಗಳು ರೆಕ್ಕೆಯ ಕೆಳಗೆ ತೂಗಾಡದೆ ಹೊಟ್ಟೆಯೊಳಗೆ ಅಡಗಿರುತ್ತವೆ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನೂ ಹಾವಿನಂತೆ ಬಳಸಿರುತ್ತಾರೆ. ಪೂರ್ತಿ ಕಾಣದ ವಿಮಾನವೇನೂ ಅಲ್ಲ. ಕಾಣುವಷ್ಟರಲ್ಲಿ ಹತ್ತಿರ ಬಂದಿರುತ್ತದೆ, ಅಷ್ಟೆ. ಆದರೆ ಯುದ್ಧದಲ್ಲಿ ಆ ಅಷ್ಟೇ ಸಾಕು.

ಈಗ ಪೈಪೋಟಿಯ ಕಥೆ. ಚೀನದ ಜೆ-20 ವಿಮಾನ 2011ರ ಜನವರಿಯಲ್ಲಿ ಮೊದಲು ಹಾರಿ, 2017ರಲ್ಲಿ ಸೈನ್ಯ ಸೇರಿತು. ಜಪಾನ 2016ರ ಏಪ್ರಿಲಿನಲ್ಲಿ ಎಕ್ಸ್-2 ಎಂಬ ಪ್ರಯೋಗದ ವಿಮಾನವನ್ನು ಹಾರಿಸಿತು. ಮುಂದೆ 2022ರಲ್ಲಿ ಬ್ರಿಟನ್, ಇಟಲಿಗಳೊಡನೆ ಕೂಡಿ ಹೊಸ ವಿಮಾನಕ್ಕೆ ಕೈಹಾಕಿತು. ದಕ್ಷಿಣ ಕೊರಿಯದ ಕೆಎಫ್-21 ಅದೇ ವರುಷ ಜುಲೈನಲ್ಲಿ ಹಾರಿತು. ಅದರ ಅಸ್ತ್ರಗಳು ಇನ್ನೂ ಹೊರಗೇ ಇರುವುದರಿಂದ ಅದು ಅರ್ಧ ದಾರಿಯ ವಿಮಾನ. ತುರ್ಕಿಯ ಕಾನ್ 2024ರ ಫೆಬ್ರವರಿಯಲ್ಲಿ ಹಾರಿತು.

ಈ ಪಟ್ಟಿಯನ್ನು ಓದಿ ಎದೆ ಒಡೆದುಕೊಳ್ಳಬೇಕಾಗಿಲ್ಲ. ಒಂದೊಂದರ ಹೊಟ್ಟೆಯನ್ನು ಬಿಚ್ಚಿ ನೋಡಿರಿ. ಕೊರಿಯದ ವಿಮಾನದಲ್ಲಿರುವುದು ಅಮೇರಿಕದ ವಿನ್ಯಾಸದ ಎಂಜಿನ್. ತುರ್ಕಿ ಹಾರಿಸಿದ್ದು ಅಮೇರಿಕದ ಎಂಜಿನ್ನಿನ ಮೇಲೆ. ಚೀನದ ಮೊದಲ ಜೆ-20ಗಳೂ ರಶಿಯದ ಎಂಜಿನ್ನಿನ ಮೇಲೆಯೇ ಹಾರಿದವು. ತನ್ನದೇ ಎಂಜಿನ್ ಕೂಡಿಸಲು ಚೀನ ಅನೇಕ ವರುಷ ದುಡಿಯಿತು. ಮೈಯನ್ನು ಓರೆ ಮಾಡುವುದನ್ನು ಹಲವರು ಕಲಿತಿದ್ದಾರೆ. ಎದೆಯನ್ನು, ಅಂದರೆ ಎಂಜಿನ್ನನ್ನು ಕಟ್ಟಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ.

ಏಕೆ? ಯುದ್ಧವಿಮಾನದ ಎಂಜಿನ್ನಿನೊಳಗೆ ಉರಿಯುವ ಅನಿಲದ ಕಾವು, ಅದರ ಬಾಯಿಗೆ ಒಡ್ಡಿದ ಲೋಹದ ಅಲಗು ಕರಗುವ ಕಾವಿಗಿಂತಲೂ ಹೆಚ್ಚು. ಆ ಅಲಗು ಕರಗದೆ ಗರಗರನೆ ತಿರುಗಬೇಕು. ಆದುದರಿಂದ ಅದನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ; ಕೂದಲೆಳೆಯಂಥ ತೂತುಗಳಿಂದ ತಂಪು ಗಾಳಿ ಹಾಯಿಸುತ್ತಾರೆ. ಈ ವಿದ್ಯೆಯನ್ನು ಯಾವ ದೇಶವೂ ಸುಮ್ಮನೆ ಮಾರುವುದಿಲ್ಲ. ಪುಸ್ತಕದಿಂದ ಬರುವ ವಿದ್ಯೆಯೂ ಇದಲ್ಲ. ಸಾವಿರ ಸಲ ಕೆಡಿಸಿ ಕಲಿತ ಕೈಗಳಿಗೆ ಮಾತ್ರ ಬರುವಂಥದು.

ನಮ್ಮ ಕನ್ನಡನಾಡಿನಲ್ಲೇ ಇದರ ಪಾಠ ಒಮ್ಮೆ ಆಗಿದೆ. 1956ರಲ್ಲಿ ಕುರ್ಟ್ ಟ್ಯಾಂಕ್ ಎಂಬ ಹೆಸರಾಂತ ಜರ್ಮನ್ ಎಂಜಿನಿಯರರನ್ನು ಬೆಂಗಳೂರಿನ ವಿಮಾನ ಕಾರಖಾನೆಗೆ ಕರೆಸಿದರು. ಐದೇ ವರುಷದಲ್ಲಿ, 1961ರ ಜೂನ್ 17ರಂದು, ಮಾರುತವೆಂಬ ಯುದ್ಧವಿಮಾನವನ್ನು ಸುರಂಜನ ದಾಸರು ಬೆಂಗಳೂರಿನ ಮೇಲೆ ಹಾರಿಸಿದರು. ಶಬ್ದದ ಎರಡು ಪಟ್ಟು ವೇಗವನ್ನು ಗುರಿಯಾಗಿಟ್ಟು ಅದರ ಮೈ ಕಟ್ಟಿದ್ದರು. ಆದರೆ ನಂಬಿದ ಬ್ರಿಟಿಷ್ ಎಂಜಿನ್ ಬರಲಿಲ್ಲ. ಆ ಕೆಲಸವನ್ನು ಬ್ರಿಟನ್ ಕೈಬಿಟ್ಟಿತು. ಮುಂದುವರಿಸಬೇಕಾದರೆ ಖರ್ಚನ್ನು ನೀವೇ ಹೊರಿರಿ ಎಂದಿತು. ನಮ್ಮ ಸರಕಾರ ಒಪ್ಪಲಿಲ್ಲ. ಕಡಿಮೆ ಬಲದ ಎಂಜಿನ್ ಕೂಡಿಸಿದ್ದರಿಂದ ಶಬ್ದದ ವೇಗವನ್ನು ಮುಟ್ಟಲೂ ಮಾರುತ ತಿಣುಕಿತು. ಈಜಿಪ್ತಿನ ಎಂಜಿನ್ನಾದರೂ ಆದೀತೆಂದು ಒಂದು ಮಾರುತವನ್ನು ಅಲ್ಲಿಗೆ ಕಳಿಸಿದರು. ಎರಡು ಬಡ ದೇಶಗಳ ಆ ಒಳ್ಳೆಯ ಪ್ರಯತ್ನವೂ 1969ರಲ್ಲಿ ನಿಂತುಹೋಯಿತು. 1970ರಲ್ಲಿ ಹೆಚ್ಚು ಬಲದ ಮಾರುತವನ್ನು ಪರೀಕ್ಷಿಸುವಾಗ ಸುರಂಜನ ದಾಸರೇ ಪ್ರಾಣ ಬಿಟ್ಟರು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತ ಚೆನ್ನಾಗಿ ಕಾದಿತು. ಆದರೂ ತಕ್ಕ ಎಂಜಿನ್ ಕೊನೆಯವರೆಗೂ ಅದಕ್ಕೆ ದೊರೆಯಲಿಲ್ಲ.

ಎರಡನೆಯ ಪಾಠ ಕಾವೇರಿಯದು. ತೇಜಸ್ ವಿಮಾನಕ್ಕೆಂದು ಬೆಂಗಳೂರಿನಲ್ಲೇ ಕಾವೇರಿ ಎಂಜಿನ್ ಕಟ್ಟಲು 1989ರಲ್ಲಿ ಸುಮಾರು 383 ಕೋಟಿ ರೂಪಾಯಿಗೆ ಒಪ್ಪಿಗೆಯಾಯಿತು. ಖರ್ಚು ಹಲವು ಪಟ್ಟು ಬೆಳೆಯಿತು, ಬೇಕಾದಷ್ಟು ಬಲ ಬರಲಿಲ್ಲ, 2008ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರೆ ಮಾಡಿದರು. ಫಲವೇನು? 2021ರ ಫೆಬ್ರವರಿಯಲ್ಲಿ 83 ಹೊಸ ತೇಜಸ್‌ಗಳಿಗೆ ಕರಾರಾಯಿತು. 2024ರಲ್ಲಿ ಅವು ಬರತೊಡಗಬೇಕಾಗಿತ್ತು. ಅಮೇರಿಕದ ಎಂಜಿನ್ನುಗಳಲ್ಲಿ ಮೊದಲನೆಯದು ಕೈಸೇರಿದ್ದೇ 2025ರ ಮಾರ್ಚಿನಲ್ಲಿ. ಇತ್ತ 2025ರ ಸೆಪ್ಟೆಂಬರಿನಲ್ಲಿ ಹಳೆಯ ಮಿಗ್-21ಗಳಿಗೆ ವಿದಾಯ ಹೇಳಿದಾಗ, 42 ಸ್ಕ್ವಾಡ್ರನ್ ಇರಬೇಕಾದ ವಾಯುದಳದಲ್ಲಿ 29 ಉಳಿದವು. ಪರರ ಗಡಿಯಾರ ನೋಡಿ ಕೆಲಸ ಮಾಡುವವನ ಗತಿ ಇದು. ಮಗ್ಗ ನಮ್ಮದಿದ್ದು ನೂಲು ಪರರದಾದರೆ ಗಿರಣಿಯ ಗತಿ ಏನಾಗುವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನಮ್ಮದೇ ಸ್ಟೆಲ್ತ್ ವಿಮಾನದ ಸರದಿ. ರಶಿಯದೊಡನೆ ಕೂಡಿ ಮಾಡುವ ಯೋಜನೆಗೆ ಕೋಟಿಗಟ್ಟಲೆ ಡಾಲರ್ ಕೊಟ್ಟು 2018ರಲ್ಲಿ ಹೊರಬಂದೆವು. 2024ರ ಮಾರ್ಚಿನಲ್ಲಿ ಎಎಮ್‌ಸಿಎ ಎಂಬ ಸ್ವಂತ ವಿಮಾನಕ್ಕೆ ದಿಲ್ಲಿ ಒಪ್ಪಿತು. ಮಾದರಿಗಳನ್ನು ಕಟ್ಟಿ ಪರೀಕ್ಷಿಸುವುದಕ್ಕೇ ಸುಮಾರು 15,000 ಕೋಟಿ ರೂಪಾಯಿ. ವಿನ್ಯಾಸ ಬೆಂಗಳೂರಿನದು, ಎರಡು ಎಂಜಿನ್, 25 ಟನ್ ಭಾರ. ಸೈನ್ಯಕ್ಕೆ ಸೇರಲು 2035ರ ಸುಮಾರು ಆಗುವುದೆಂದು ಅಂದಾಜು. ಮೊದಲ ವಿಮಾನಗಳಿಗೆ ಮತ್ತೆ ಅಮೇರಿಕದ ಎಂಜಿನ್ನೇ. ಮುಂದಿನವುಗಳಿಗೆ ಫ್ರಾನ್ಸಿನ ಸಾಫ್ರಾನ್ ಕಂಪನಿಯೊಡನೆ ಇಲ್ಲಿಯೇ ಹೊಸ ಎಂಜಿನ್ ಕಟ್ಟುವ ಮಾತನ್ನು ರಕ್ಷಣಾ ಮಂತ್ರಿಗಳು 2025ರ ಆಗಸ್ಟಿನಲ್ಲಿ ಆಡಿದರು. ಅದೇ ವರುಷ ಮೇ ತಿಂಗಳಲ್ಲಿ, ವಿಮಾನ ಕಟ್ಟುವ ಕೆಲಸಕ್ಕೆ ಸರಕಾರಿ ಕಾರಖಾನೆಯೂ ಖಾಸಗಿ ಕಂಪನಿಗಳೂ ಸರಿಸಮನಾಗಿ ಸ್ಪರ್ಧಿಸಬಹುದೆಂದು ನಿರ್ಣಯವಾಯಿತು.

ಸಂಗಾತಿಗಳೇ, ರಕ್ಷಣೆಯೇ ಬೇಡವೆಂದು ಹೇಳಲು ನಾನು ಬಂದಿಲ್ಲ. 1962ನ್ನು ಮರೆತ ಮಾತು ಅದು. ಅಂತೆಯೇ, ಬೇರೆಯವರಲ್ಲಿದೆ, ನಮಗೂ ಇರಲೆಂದು ಸಂತೆಯಲ್ಲಿ ಎತ್ತು ಕೊಂಡಂತೆ ವಿಮಾನ ಕೊಳ್ಳುವುದೂ ರಕ್ಷಣೆಯಲ್ಲ. 2025ರ ಫೆಬ್ರವರಿಯಲ್ಲಿ ಯಲಹಂಕದ ವಿಮಾನ ಪ್ರದರ್ಶನದಲ್ಲಿ ಅಮೇರಿಕದ ಎಫ್-35, ರಶಿಯದ ಸು-57 ಎರಡೂ ಬಂದು ನಿಂತವು. ಮಾರುವವರಿಬ್ಬರು, ಗಿರಾಕಿ ಒಬ್ಬ. ಅಂಗಡಿಕಾರರಾದ ನಿಮಗೆ ಈ ನೋಟದ ಅರ್ಥ ಬೇಗ ಆಗುತ್ತದೆ. ಕೊಂಡ ದಿನ ಕೊಡುವುದು ಬೆಲೆಯ ಒಂದು ಭಾಗ ಮಾತ್ರ. ಮುಂದೆ ಮೂವತ್ತು ನಾಲ್ವತ್ತು ವರುಷ ಬಿಡಿಭಾಗಕ್ಕೆ, ರಿಪೇರಿಗೆ ಅದೇ ಅಂಗಡಿಗೆ ಹೋಗಬೇಕು.

ಇನ್ನೊಂದು ಮಾತು. ನಾವು ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಚಿತ್ರದುರ್ಗ ಬರುತ್ತದಷ್ಟೆ. ಅದೇ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಪರೀಕ್ಷಾ ಬಯಲಿನಲ್ಲಿ 2022ರ ಜುಲೈ 1ರಂದು, ಸ್ಟೆಲ್ತ್ ಆಕಾರದ ಪೈಲಟ್ಟಿಲ್ಲದ ಚಿಕ್ಕ ವಿಮಾನವೊಂದು ತಾನೇ ಏರಿ ತಾನೇ ಇಳಿಯಿತು. ಹೆಮ್ಮೆಯ ಸಂಗತಿಯೇ. ಆದರೆ ಆ ಸೀಮೆಯ ಅಮೃತಮಹಲ್ ಕಾವಲು ದನ ಕುರಿ ಮೇಯುವ ಹುಲ್ಲುಗಾವಲಾಗಿತ್ತು. ಹಲವು ಸರಕಾರಿ ಸಂಸ್ಥೆಗಳಿಗೆ ಸಾವಿರಾರು ಎಕರೆ ಹಂಚಿದಾಗ ಸುತ್ತಣ ಹಳ್ಳಿಗರ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಮೇವು ಕಳೆದುಕೊಂಡ ಕುರಿಗಾರನೂ ಈ ವಿಮಾನಕ್ಕೆ ಬೆಲೆ ತೆತ್ತವನೇ. ಅವನ ಲೆಕ್ಕವನ್ನು ಯಾವ ಮುಂಗಡಪತ್ರದಲ್ಲೂ ಬರೆದಿಲ್ಲ.

ಆದುದರಿಂದ ನಾವು ಕೇಳಬೇಕಾದುವು ಮೂರು. ಒಂದು, ಎಂಜಿನ್ನಿಗೆ ಹಣ, ಜನ, ಕಾಲ ಮೂರನ್ನೂ ತಡೆಯಿಲ್ಲದೆ ಕೊಡಿರಿ. ಫ್ರಾನ್ಸಿನೊಡನೆ ಕರಾರಾದರೆ ಅಲಗು ಎರಕ ಹೊಯ್ಯುವ ವಿದ್ಯೆ ನಮ್ಮ ಕೈಗೆ ಬರುವುದೋ ಇಲ್ಲವೋ ಎಂಬುದನ್ನು ಲೋಕಸಭೆಯಲ್ಲಿ ಸ್ಪಷ್ಟವಾಗಿ ಹೇಳಿರಿ. ಎರಡು, 1940ರಿಂದ ಬೆಂಗಳೂರಿನ ಕಾರಖಾನೆಯಲ್ಲಿ ಕೂಡಿಬಂದ ಕಸುಬು ಸಾರ್ವಜನಿಕ ಆಸ್ತಿ. ಕೆಲಸ ಯಾರಿಗೇ ಹೋಗಲಿ, ಅದನ್ನು ಗುತ್ತಿಗೆ ಕೂಲಿಯ ಕೈಗೆ ಚೆಲ್ಲಬೇಡಿರಿ. ಇಂದು ಬಂದು ನಾಳೆ ಹೋಗುವವನು ಸಾವಿರ ಸಲ ಕೆಡಿಸಿ ಕಲಿಯುವುದು ಎಂದಿಗೆ? ಗೋಕುಲ ರಸ್ತೆಯ, ತಾರಿಹಾಳದ ಸಣ್ಣ ಲೇಥಿನವರಿಗೂ ಬಿಡಿಭಾಗದ ಕೆಲಸ ಸಿಗಲಿ, ದುಡ್ಡು ವೇಳೆಗೆ ಸರಿಯಾಗಿ ಬರಲಿ. ಮೂರು, ನೆರೆಯ ದೇಶಗಳೊಡನೆ ಮಾತುಕತೆಯ ಬಾಗಿಲನ್ನು ಮುಚ್ಚಬೇಡಿರಿ. ಏಷ್ಯದ ಬಡವರ ದುಡ್ಡಿನಿಂದ ಏಷ್ಯದವರೇ ಒಬ್ಬರ ಮೇಲೊಬ್ಬರು ಮಸಿ ಬಳಿದ ತಗಡು ಹಾರಿಸುತ್ತ ಕೂತರೆ ಕೊನೆಗೆ ಲಾಭ ಎಂಜಿನ್ ಮಾರುವವನಿಗೆ.

ಗಿರಣಿ ಚಾಳದ ಆ ಹಿರಿಯರು ಇಲ್ಲಿಯೇ ಕುಳಿತಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ಅಣ್ಣಾ, ನಿಮ್ಮ ಗಿರಣಿ ಮುಚ್ಚಿದಾಗ ಬರೀ ಗೋಡೆ ಬೀಳಲಿಲ್ಲ; ನೂರಾರು ಕೈಗಳ ಕಸುಬು ಚೆದರಿಹೋಯಿತು. ಅದು ಮತ್ತೆ ಕೂಡಲಿಲ್ಲ. ಮಾರುತಕ್ಕೂ ಆದದ್ದು ಅದೇ. ಮೂರನೆಯ ಸಲ ಹಾಗಾಗದಂತೆ ಕಾಯುವ ಕೆಲಸದಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ. ನಿಮ್ಮ ಪ್ರಶ್ನೆಯನ್ನು ಮುಂದೆ ಮತ ಕೇಳಲು ಬರುವವರಿಗೂ ಹಾಕಿರಿ.